ಮೂರು ಮರ, ಒಂದು ಇಸ್ತ್ರಿಪೆಟ್ಟಿಗೆ

ಜೂನ್ 9

ಎಲೆ ಡಾಕ್ಟರಾದ ನನ್ನ ತಮ್ಮನಿಗೆ,

ನೀನು ಏಳು ವರ್ಷ ಎಲೆಯನ್ನೇ ಓದುತ್ತೇನೆ ಎಂದು ಹೊರಟಾಗ ಮನೆಯಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ. "ಓದೋಕೆ ಬೇರೇನೂ ಸಿಗಲಿಲ್ವಾ?" ಎಂದು ನಿನ್ನನ್ನು ಗೋಳು ಹೊಯ್ದುಕೊಂಡಿದ್ದೆ. ಆ ಮಾತನ್ನು ಇವತ್ತು ವಾಪಸ್ ತೆಗೆದುಕೊಂಡಿದ್ದೇನೆ. ನನಗೀಗ ಒಬ್ಬ ಎಲೆ ಡಾಕ್ಟರ್ ತುರ್ತಾಗಿ ಬೇಕಾಗಿದ್ದಾನೆ.

ನನ್ನ ಇಸ್ತ್ರಿ ಅಂಗಡಿಯ ಮುಂದಿನ ಮೂರು ಬಾದಾಮಿ ಮರಗಳನ್ನು ನೀನು ನೋಡಿದ್ದೀಯ. ಇಪ್ಪತ್ತೆರಡು ವರ್ಷದಿಂದ ಅವುಗಳ ನೆರಳಿನಲ್ಲೇ ನನ್ನ ಮೇಜು. ಸೋಮವಾರ ರಸ್ತೆ ಕಚೇರಿಯವರು ಬಂದು ಕಾಂಡಗಳ ಮೇಲೆ ಕೆಂಪು ಬಣ್ಣದಲ್ಲಿ ಒಂದು, ಎರಡು, ಮೂರು ಎಂದು ಬರೆದು ಹೋದರು. ಒಂದನೆಯದು ನನ್ನ ಮೇಜಿಗೆ ತಾಗಿಕೊಂಡೇ ಇರುವುದು, ಮೂರನೆಯದು ಬಸ್ ನಿಲ್ಲುವ ಕಡೆಯದು. "ಏನಪ್ಪಾ, ಸ್ಕೂಲಿಗೆ ಸೇರಿಸ್ತೀರಾ?" ಎಂದು ತಮಾಷೆ ಮಾಡಿದೆ. ಬಣ್ಣದ ಡಬ್ಬಿ ಹಿಡಿದಿದ್ದವನು ನಗಲಿಲ್ಲ. "ಕಡಿಯೋದಕ್ಕೆ ನಂಬರ್ ಅಮ್ಮ. ರಸ್ತೆ ಅಗಲ ಆಗ್ತಿದೆ" ಎಂದ.

ಕಚೇರಿಗೆ ಹೋಗಿ ವಿಚಾರಿಸಿದೆ. ಮರ ಗಟ್ಟಿಯಾಗಿದ್ದರೆ ರಸ್ತೆಯನ್ನು ಸ್ವಲ್ಪ ಬಳಸಿ ಹಾಕಬಹುದಂತೆ, ಹಾಗೊಂದು ನಿಯಮವಿದೆಯಂತೆ. ಆದರೆ ನಾಲ್ಕು ದಾರಿ ಕೂಡುವ ಈ ಜಾಗದಲ್ಲಿ ಹೊಗೆ ಕುಡಿದು ಕುಡಿದು ಮರಗಳು ಒಳಗೇ ಸತ್ತಿವೆ ಎಂದು ಅವರ ಎಂಜಿನಿಯರ್ ಬರೆದಿಟ್ಟಿದ್ದಾರೆ. ಇಲ್ಲ ಎನ್ನುವವರು ಸೆಪ್ಟೆಂಬರ್ ಹನ್ನೊಂದರ ವಿಚಾರಣೆಗೆ ಬಂದು ತೋರಿಸಬೇಕು. ನನ್ನ ತಮ್ಮ ತೋರಿಸುತ್ತಾನೆ ಎಂದು ಹೇಳಿ ಬಂದಿದ್ದೇನೆ. ನಿನ್ನನ್ನು ಒಂದು ಮಾತು ಕೇಳಲಿಲ್ಲ, ಬೈದುಕೋ.

ಮರ ಹೋದರೆ ನೆರಳು ಹೋಯಿತು. ಕೆಂಡ ತುಂಬಿದ ಪೆಟ್ಟಿಗೆ ಹಿಡಿದು ಬಿಸಿಲಲ್ಲಿ ನಿಂತು ಇಸ್ತ್ರಿ ಹಾಕಿದರೆ ನಾನು ಒಂದು ವಾರವೂ ತಾಳುವುದಿಲ್ಲ. ಅಂಗಡಿ ಮುಚ್ಚಿದ ಹಾಗೆಯೇ. ಫೋನ್ ಮಾಡಬೇಡ, ಇಲ್ಲಿ ಬಸ್ಸಿನ ಹಾರ್ನ್ ಬಿಟ್ಟು ಬೇರೇನೂ ಕೇಳುವುದಿಲ್ಲ. ಕಾಗದ ಬರೆ.

ನಿನ್ನ ಅಕ್ಕ

ಜೂನ್ 15

ಅಕ್ಕಾ,

ಬೈದುಕೊಂಡೆ. ಈಗ ಕೆಲಸಕ್ಕೆ ಬರೋಣ.

ನಿನ್ನ ಎಂಜಿನಿಯರ್ ಹೇಳುವುದು ಪೂರ್ತಿ ಸುಳ್ಳಲ್ಲ. ಹೊಗೆ ಎಲೆಯ ಮೇಲೆ ಕೂತು ಸುಮ್ಮನಾಗುವುದಿಲ್ಲ. ಎಲೆಯ ಹಿಂಬದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಾಯಿಗಳಿವೆ. ಅಲ್ಲಿಂದ ಒಳಹೊಕ್ಕು ಎಲೆಯ ರಸವನ್ನು ಹುಳಿಯಾಗಿಸುತ್ತದೆ, ಹಸಿರನ್ನು ತಿನ್ನುತ್ತದೆ. ಮರವೂ ಕೈಕಟ್ಟಿ ಕೂರುವುದಿಲ್ಲ. ಕಸುವಿರುವ ಮರ ಎಲೆಯಲ್ಲಿ ವಿಟಮಿನ್ ಸಿ ಹೆಚ್ಚಿಸಿಕೊಂಡು ಹೊಗೆಯ ವಿಷವನ್ನು ಮುರಿಯುತ್ತದೆ, ಒಗರನ್ನೂ ಹೆಚ್ಚಿಸಿಕೊಳ್ಳುತ್ತದೆ. ಸೋತ ಮರದಲ್ಲಿ ಎರಡೂ ಬತ್ತಿಹೋಗುತ್ತವೆ. ಹಾಗಾಗಿ ನಿನ್ನ ಮರಗಳು ಹೋರಾಡುತ್ತಿವೆಯೋ ಕೈಚೆಲ್ಲಿವೆಯೋ ಎಂಬುದನ್ನು ಎಲೆಯಿಂದ ಅಳೆದು ಹೇಳಬಹುದು.

ಹೋಲಿಸಿ ನೋಡಲು ಒಳ್ಳೆಯ ಗಾಳಿಯ ಎಲೆ ಬೇಕು. ಭಾವ ಪಂಪು ನೋಡಿಕೊಳ್ಳುವ ನೀರಿನ ಟ್ಯಾಂಕಿನ ಗುಡ್ಡದ ಮೇಲೂ ಒಂದು ಬಾದಾಮಿ ಮರವಿದೆಯಲ್ಲ, ಅದರ ಎಲೆಯನ್ನು ಅವರು ಅಲ್ಲಿಂದಲೇ ನೇರವಾಗಿ ಕಳಿಸಲಿ. ಹದಿನೈದು ದಿನಕ್ಕೊಮ್ಮೆ, ಮರಕ್ಕೆ ಆರು ಎಲೆ. ತೊಳೆಯಬಾರದು. ತೇವ ಚೂರೂ ಉಳಿಯಬಾರದು, ಉಳಿದರೆ ಅಂಚೆಯಲ್ಲೇ ಬೂಷ್ಟು ಹಿಡಿಯುತ್ತದೆ. ಎಲೆಯ ಅಗಲವನ್ನೂ ಅಳೆಯಬೇಕಾದ್ದರಿಂದ ಸುಕ್ಕು ಇರಬಾರದು. ತೇವ ಹೀರುವ ಹರಳಿನ ಚೀಲಗಳನ್ನು ಇದರ ಜೊತೆ ಕಳಿಸಿದ್ದೇನೆ.

ನಾನೇ ಬರುತ್ತಿದ್ದೆ. ಆದರೆ ಪ್ರಯೋಗಾಲಯದಲ್ಲಿ ಹೊಸ ಯಂತ್ರ ಬಂದಿದೆ. ಅದರ ಮುಂದೆ ಕೂರಲು ನನ್ನನ್ನು ಬಿಟ್ಟರೆ ಯಾರೂ ಇಲ್ಲ, ಸೆಪ್ಟೆಂಬರ್ ಮುಗಿಯುವ ತನಕ ರಜೆಯೂ ಇಲ್ಲ. ಆರೋಗ್ಯ ಹೇಗಿದೆ, ಅದನ್ನೂ ಬರೆ.

ನಿನ್ನ ತಮ್ಮ

ಜೂನ್ 25

ತಮ್ಮಾ,

ಡಬ್ಬಿಯಲ್ಲಿ ಹದಿನೆಂಟು ಎಲೆಗಳಿವೆ. ತೇವವೂ ಇಲ್ಲ, ಸುಕ್ಕೂ ಇಲ್ಲ. ಆ ಎರಡು ಮಾತನ್ನು ನನಗೆ ನೀನು ಹೇಳಿಕೊಡಬೇಕಾಗಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಸುಕ್ಕಿರುವ ಒಂದೇ ಒಂದು ಪದಾರ್ಥ ನನ್ನ ಅಂಗಡಿಯಿಂದ ಹೊರಗೆ ಹೋಗಿಲ್ಲ. ನಿನ್ನ ಹರಳಿನ ಚೀಲಗಳು ಬೇಕಾಗಲಿಲ್ಲ. ಅವನ್ನು ವಕೀಲರ ಕರಿಕೋಟಿನ ಜೇಬಿನಲ್ಲಿಟ್ಟೆ. ಕೋಟಿನ ಮುಗ್ಗು ವಾಸನೆ ಹೋಯಿತೆಂದು ಅವರು ಹಿಗ್ಗಿದ್ದಾರೆ, ಇನ್ನಷ್ಟು ಇದ್ದರೆ ಕಳಿಸು.

ನಿನ್ನ ಭಾವನ ಎಲೆಯ ಬಗ್ಗೆ ನಾನು ಜವಾಬ್ದಾರಳಲ್ಲ. ಊಟದ ಡಬ್ಬಿಯಲ್ಲಿ ತುರುಕಿಕೊಂಡು ಹೋಗಿ ಅಂಚೆಗೆ ಹಾಕುತ್ತಾರಂತೆ. ಮನುಷ್ಯ ತನ್ನ ಅಂಗಿಯನ್ನೇ ಮಡಚಿದವರಲ್ಲ.

ಒಂದು ವಿಷಯ ಗಮನಿಸಿದೆ. ಗುಡ್ಡದ ಮರದ ಎಲೆಯನ್ನು ಹುಳು ಜರಡಿಯಂತೆ ತೂತು ಮಾಡಿರುತ್ತದೆ. ನಮ್ಮ ಮರಗಳ ಎಲೆಯನ್ನು ಒಂದು ಹುಳುವೂ ಮೂಸುವುದಿಲ್ಲ. ಇದು ಒಳ್ಳೆಯದೋ ಕೆಟ್ಟದ್ದೋ ನೀನೇ ಹೇಳು. ಬಸ್ ಡ್ರೈವರ್ ಒಬ್ಬರು ಖಾಕಿ ಅಂಗಿ ಕೊಡಲು ಬಂದವರು ಎಲೆ ಎಣಿಸುತ್ತಿದ್ದ ನನ್ನನ್ನು ನೋಡಿ, "ಅಕ್ಕಾ, ಬಟ್ಟೆ ಬಿಟ್ಟು ಎಲೆ ವ್ಯಾಪಾರ ಶುರು ಮಾಡಿದ್ರಾ?" ಎಂದರು. ವಿಷಯ ಹೇಳಿದೆ. ಈಗ ನಿಲ್ದಾಣಕ್ಕೆಲ್ಲ ಗೊತ್ತಾಗಿದೆ. ಎಲ್ಲರೂ ನಿನ್ನ ಫಲಿತಾಂಶಕ್ಕೆ ಕಾಯುತ್ತಿದ್ದಾರೆ, ಮರ್ಯಾದೆ ಕಳೆಯಬೇಡ.

ಆರೋಗ್ಯ ಗುಂಡುಕಲ್ಲಿನ ಹಾಗಿದೆ.

ಅಕ್ಕ

ಜುಲೈ 8

ಅಕ್ಕಾ,

ನಿನ್ನ ಎಲೆಗಳನ್ನು ನೋಡಿ ನಮ್ಮ ಪ್ರೊಫೆಸರ್ ಬೆರಗಾದರು. "ಇಷ್ಟು ಅಚ್ಚುಕಟ್ಟಾಗಿ ಯಾರ್ರೀ ಕಳಿಸೋರು?" ಎಂದು ಕೇಳಿದರು. ನನ್ನ ಅಕ್ಕ ಎಂದೆ. ಒಂದು ಎಲೆಯನ್ನು ವಿದ್ಯಾರ್ಥಿಗಳಿಗೆ ಮಾದರಿಯಾಗಲಿ ಎಂದು ಫಲಕಕ್ಕೆ ಚುಚ್ಚಿದ್ದಾರೆ. ಭಾವನ ಎಲೆಗಳು ಮುದುಡಿಕೊಂಡು ಬಂದವು, ಜೊತೆಗೆ ಉಪ್ಪಿನಕಾಯಿಯ ವಾಸನೆಯನ್ನೂ ತಂದವು. ಆದರೂ ಅಳೆಯಲು ಅಡ್ಡಿಯಿಲ್ಲ.

ಫಲಿತಾಂಶ ಹೇಳುವಷ್ಟು ಇನ್ನೂ ಆಗಿಲ್ಲ. ಇನ್ನೆರಡು ಕಂತು ಬರಲಿ.

ಅಂದಹಾಗೆ, ಅಂಗಡಿಯನ್ನು ಬೇರೆ ಎಲ್ಲಾದರೂ ಹಾಕುವ ಯೋಚನೆ ಎಂದಾದರೂ ಬಂದಿದೆಯಾ? ಭಾವನ ಗುಡ್ಡದ ಕಡೆ ಮನೆಗಳು ಹೆಚ್ಚಾಗಿವೆ ಎಂದು ಕೇಳಿದೆ. ಸುಮ್ಮನೆ ಕೇಳಿದೆ ಅಷ್ಟೇ.

ತಮ್ಮ

ಜುಲೈ 19

ತಮ್ಮಾ,

ಸುಮ್ಮನೆ ಕೇಳಿದೆ ಎಂದು ಬರೆಯುವವನು ಸುಮ್ಮನೆ ಕೇಳಿರುವುದಿಲ್ಲ. ನಿನ್ನನ್ನು ಎತ್ತಿ ಆಡಿಸಿದವಳು ನಾನು, ನನ್ನ ಹತ್ತಿರ ಈ ಆಟ ನಡೆಯುವುದಿಲ್ಲ. ಗುಡ್ಡದ ಕಡೆಯ ಮನೆಗಳಲ್ಲಿ ಜನ ಇಡೀ ದಿನ ನೈಟಿ, ಬನಿಯನ್‌ನಲ್ಲೇ ಇರುತ್ತಾರೆ. ಅವಕ್ಕೆ ಯಾರು ಇಸ್ತ್ರಿ ಹಾಕಿಸುತ್ತಾರೆ? ನನ್ನ ಗಿರಾಕಿಗಳು ಇರುವುದು ಇಲ್ಲಿ, ನಾನೂ ಇಲ್ಲೇ.

ಫಲಕಕ್ಕೆ ಚುಚ್ಚಿದ ಎಲೆಯ ವಿಷಯವನ್ನು ನಿಲ್ದಾಣದಲ್ಲಿ ಮೂರು ಸಲ ಹೇಳಿದೆ. ನಾಲ್ಕನೆಯ ಸಲ ಹೇಳಹೊರಟಾಗ ಡ್ರೈವರ್ ಬಸ್ಸು ಹತ್ತಿಬಿಟ್ಟರು. ಈ ಕಂತಿನ ಎಲೆಗಳಿಗೆ ಇನ್ನೂ ಹೆಚ್ಚು ಕಾಳಜಿ ಮಾಡಿದ್ದೇನೆ, ನಿಮ್ಮ ಪ್ರೊಫೆಸರ್‌ಗೆ ತೋರಿಸು. ಮೂರನೆಯ ಮರ ಹೂ ಬಿಟ್ಟಿದೆ. ಹೂವೆಂದರೆ ಹೂವಲ್ಲ, ಬಿಳಿ ಕಡ್ಡಿಗಳು, ಆದರೂ ಬಿಟ್ಟಿದೆ. ಸತ್ತವರು ಹೂ ಬಿಡುತ್ತಾರೇನೋ, ಆ ಎಂಜಿನಿಯರ್‌ನನ್ನು ಕೇಳಬೇಕು.

ಅಕ್ಕ

ಆಗಸ್ಟ್ 8

ತಮ್ಮಾ,

ನಾನು ಬರೆದು ಇಪ್ಪತ್ತು ದಿನವಾಯಿತು, ಮೂರನೆಯ ಕಂತನ್ನೂ ಕಳಿಸಿಯಾಯಿತು, ನಿನ್ನಿಂದ ಒಂದು ಸಾಲಿಲ್ಲ. ದೊಡ್ಡ ವರದಿ ಬರೆಯುತ್ತಾ ಕೂತಿದ್ದೀಯ ಎಂದುಕೊಂಡಿದ್ದೇನೆ. ಉದ್ದ ಬೇಡ. ಮರ ಚೆನ್ನಾಗಿದೆ ಎಂದು ಒಂದು ಸಾಲು ಬರೆದು, ಸಹಿ ಹಾಕಿ, ಸೀಲು ಒತ್ತು. ಇಲ್ಲಿನ ಕಚೇರಿಗೆ ಸೀಲು ಮುಖ್ಯ.

ಅಕ್ಕ

ಆಗಸ್ಟ್ 13

ಅಕ್ಕಾ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ.

ಮೂರು ಕಂತಿನಲ್ಲೂ ಒಂದೇ ಉತ್ತರ ಬಂದಿದೆ. ಭಾವ ಕಳಿಸಿದ ಎಲೆಗಳಲ್ಲಿ ವಿಟಮಿನ್ ಸಿ ಸಾಕಷ್ಟಿದೆ. ನಿನ್ನ ಮೂರು ಮರಗಳ ಎಲೆಗಳಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಇಷ್ಟು ಬತ್ತಿಹೋದ ಎಲೆಯನ್ನು ನಾನು ಎಲ್ಲೂ ನೋಡಿಲ್ಲ. ಹೊಗೆಯ ವಿರುದ್ಧ ನಿಲ್ಲಲು ಅವುಗಳಲ್ಲಿ ಏನೂ ಉಳಿದಿಲ್ಲ ಎಂದೇ ಇದರ ಅರ್ಥ. ಹುಳು ಮೂಸದಿರುವುದೂ ಅದಕ್ಕೇ ಇರಬಹುದು.

ಇನ್ನೊಂದು ಮಾತು. ವಿಚಾರಣೆಗೆ ಮೊದಲೇ ವರದಿ ಬೇಕು, ಈ ತಿಂಗಳ ಹತ್ತೇ ಕೊನೆ ಎಂದು ನಿಮ್ಮ ರಸ್ತೆ ಕಚೇರಿಯಿಂದ ಪತ್ರ ಬಂದಿತ್ತು. ಕಳಿಸಿಬಿಟ್ಟೆ. ಇದ್ದದ್ದನ್ನು ಇದ್ದಂತೆ ಬರೆದಿದ್ದೇನೆ. ಅಕ್ಕನ ಮರ ಎಂದು ಅಂಕಿ ತಿದ್ದಲು ನನ್ನಿಂದಾಗಲಿಲ್ಲ.

ನೀನು ಗುಡ್ಡದ ಕಡೆಗೆ ಹೋಗು. ಈ ಸಲ ಸುಮ್ಮನೆ ಹೇಳುತ್ತಿಲ್ಲ.

ತಮ್ಮ

ಆಗಸ್ಟ್ 17

ಎಲೆ ಡಾಕ್ಟರ್ ಸಾಹೇಬರಿಗೆ,

ನಿನ್ನ ಕಾಗದವನ್ನು ಮೇಜಿನ ಮೇಲಿಟ್ಟು ಹಾಗೇ ನಿಂತಿದ್ದೆ. ಟೀಚರಮ್ಮನ ಸೀರೆ ಸುಟ್ಟಿತು. ಇಪ್ಪತ್ತೆರಡು ವರ್ಷದಲ್ಲಿ ನಾನು ಸುಟ್ಟ ಮೊದಲ ಬಟ್ಟೆ ಅದು. ಅವರು ಪಾಪ, "ಬಿಡಿ ಅಕ್ಕಾ, ಹಳೇದು" ಎಂದರು. ಅದು ಹಳೆಯದಲ್ಲ ಎಂದು ಇಬ್ಬರಿಗೂ ಗೊತ್ತು.

ಅಂಕಿ ತಿದ್ದು ಎಂದು ನಾನು ಕೇಳುವುದಿಲ್ಲ. ಹಾಗೆ ಮಾಡುವವನಾಗಿದ್ದರೆ ನೀನು ನಮ್ಮ ಮನೆಯವನೇ ಅಲ್ಲ. ಆದರೆ ಒಂದು ನೋವು ಹೇಳಿಕೊಳ್ಳುತ್ತೇನೆ. ಬೆಳಿಗ್ಗೆ ಗಿರಾಕಿ ಬರುವ ಮೊದಲು ಎದ್ದು, ಒಂದೊಂದು ಎಲೆಯ ಮೇಲೂ ತೆಳು ಹತ್ತಿ ಬಟ್ಟೆ ಹಾಸಿ, ಪೆಟ್ಟಿಗೆಯ ಹದವನ್ನು ನೀರು ಚಿಮುಕಿಸಿ ನೋಡಿ, ನರ ಮುರಿಯದ ಹಾಗೆ ಎರಡೂ ಬದಿ ಇಸ್ತ್ರಿ ಹಾಕಿ ಕಳಿಸಿದೆ. ಮದುವೆ ಸೀರೆಗೂ ಅಷ್ಟು ಮುತುವರ್ಜಿ ಮಾಡಿದವಳಲ್ಲ. ಎಲ್ಲ ಮಾಡಿಸಿಕೊಂಡು ಕೊನೆಗೆ ಮರ ಸತ್ತಿದೆ ಎಂದು ಕಚೇರಿಗೇ ಬರೆದುಕೊಟ್ಟೆಯಲ್ಲ. ಭಾವ ಉಪ್ಪಿನಕಾಯಿ ಮೆತ್ತಿ ಕಳಿಸಿದ ಎಲೆ ಮಾತ್ರ ಪಾಸಾಯಿತು.

ಅಕ್ಕ

ಆಗಸ್ಟ್ 22

ಅಕ್ಕಾ, ನನ್ನ ಅಕ್ಕಾ,

ನಿನ್ನ ಕಾಗದವನ್ನು ನಿಂತುಕೊಂಡು ಓದುತ್ತಿದ್ದವನು ಕೂತುಬಿಟ್ಟೆ. ಮತ್ತೆ ಓದಿದೆ. ಆಮೇಲೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಪ್ರೊಫೆಸರ್ ಓಡಿ ಬಂದರು, ಅವರಿಗೂ ಓದಿ ಹೇಳಿದೆ. ಅವರು ಫಲಕದ ಹತ್ತಿರ ಹೋಗಿ, ಚುಚ್ಚಿದ್ದ ಎಲೆಯನ್ನು ತೆಗೆದು ಬೆಳಕಿಗೆ ಹಿಡಿದು, "ಇಸ್ತ್ರಿ ರೀ ಇದು!" ಎಂದರು.

ವಿಟಮಿನ್ ಸಿ ಬಿಸಿಗೆ ಸತ್ತುಹೋಗುತ್ತದೆ ಅಕ್ಕ. ಅದನ್ನು ಕೊಂದದ್ದು ಹೊಗೆಯಲ್ಲ, ನಿನ್ನ ಪೆಟ್ಟಿಗೆ. ತಪ್ಪು ನಿನ್ನದಲ್ಲ. ತೇವ ಇರಬಾರದು, ಸುಕ್ಕು ಇರಬಾರದು ಎಂದು ಇಸ್ತ್ರಿ ಅಂಗಡಿಗೆ ಬರೆದವನು ನಾನು. ಹರಳಿನ ಚೀಲ ಬೇಕಾಗಲಿಲ್ಲ ಎಂದು ನೀನು ಬರೆದಾಗಲೇ ನನಗೆ ಅನುಮಾನ ಬರಬೇಕಿತ್ತು. ಹಸಿ ಎಲೆ ತಾನಾಗಿ ಒಣಗಿ ಕಾಗದದ ಹಾಗೆ ನಿಲ್ಲುತ್ತದೆಯೇ?

ಅನುಮಾನ ಯಾಕೆ ಬರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಜುಲೈ ಮೊದಲ ವಾರ ಭಾವ ತಮ್ಮ ಎಲೆಯ ಜೊತೆ ಒಂದು ಚೀಟಿ ಇಟ್ಟಿದ್ದರು. ನಿನಗೆ ಒಂದು ವರ್ಷದಿಂದ ಕೆಮ್ಮು, ಬಸ್ಸಿನ ಹೊಗೆಯಿಂದ ಎಂದು ನೀನೇ ಹೇಳಿದ್ದೀಯ, ಫೋನಿನಲ್ಲಿ ನನಗೆ ಗೊತ್ತಾಗಬಾರದೆಂದು ಕಾಗದ ಬರೆಯುತ್ತಿದ್ದೀಯ ಎಂದಿತ್ತು ಅದರಲ್ಲಿ. ಅದಾದ ಮೇಲೆ ಫಲಿತಾಂಶ ಕೆಟ್ಟದಾಗಿ ಬಂದಾಗ ನನಗೆ ಒಳಗೊಳಗೇ ಸಮಾಧಾನವಾಯಿತು. ಮರ ಹೋದರೆ ಅಕ್ಕ ಆ ಹೊಗೆ ಬಿಟ್ಟು ಹೋಗುತ್ತಾಳೆ ಎಂದುಕೊಂಡೆ. ಬೇಕಾದ ಉತ್ತರ ಬಂದಿತ್ತು, ಅದಕ್ಕೇ ಒಗರನ್ನು ಅಳೆಯಲಿಲ್ಲ, ಮತ್ತೊಮ್ಮೆ ಪರೀಕ್ಷೆಯನ್ನೂ ಮಾಡಲಿಲ್ಲ. ಬೇರೆ ಯಾರದೇ ಎಲೆಯಾಗಿದ್ದರೂ ಮಾಡುತ್ತಿದ್ದೆ. ನನಗೆ ನಾಚಿಕೆಯಾಗಿದೆ.

ಈಗ ಹೊಸದಾಗಿ ಅಳೆಯಬೇಕು. ಎಲೆ ಕಿತ್ತ ಕೂಡಲೇ ಐಸ್ ಪೆಟ್ಟಿಗೆಗೆ ಹಾಕಿ, ಮೂರೂ ಮರದ್ದನ್ನೂ ಗುಡ್ಡದ್ದನ್ನೂ ಬೇರೆ ಬೇರೆ ಚೀಲದಲ್ಲಿ, ಭಾವ ಬೆಳಗಿನ ರೈಲಿನಲ್ಲಿ ತರಲಿ. ಊಟದ ಡಬ್ಬಿ ಬೇರೆ ಇರಲಿ.

ವಿಚಾರಣೆಯಲ್ಲಿ ಮೊದಲ ವರದಿ ಯಾಕೆ ತಪ್ಪಾಯಿತು ಎಂದು ಕೇಳಿಯೇ ಕೇಳುತ್ತಾರೆ. ಎಲೆಗೆ ಇಸ್ತ್ರಿ ಹಾಕಿದೆ ಎಂದು ನೀನೇ ಎದ್ದುನಿಂತು ಹೇಳಬೇಕಾಗುತ್ತದೆ. ಬಾಯಿಮಾತು ಸಾಲದಿದ್ದರೆ ತೋರಿಸು. ನಿನ್ನ ಅಂಗಡಿಯ ಗಂಜಿನೀರಿಗೆ ಗಾಯಕ್ಕೆ ಹಚ್ಚುವ ಅಯೋಡಿನ್ ಎರಡು ಹನಿ ಬಿಡು, ಕಡುನೀಲಿಯಾಗುತ್ತದೆ. ಹಸಿ ಎಲೆಯ ರಸ ಹಾಕಿದರೆ ನೀಲಿ ಮಾಯವಾಗುತ್ತದೆ. ಇಸ್ತ್ರಿ ಹಾಕಿದ ಎಲೆಯದ್ದು ಹಾಕಿದರೆ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ನಾಲ್ಕಾರು ಸಲ ಮಾಡಿ ಕೈ ಕೂರಿಸಿಕೋ.

ತಮ್ಮ

ಆಗಸ್ಟ್ 30

ತಮ್ಮಾ,

ನಿನ್ನ ಭಾವನ ಬಾಯಿಗೆ ನಲ್ಲಿ ಇಡಿಸಬೇಕು. ಪಂಪು ನೋಡಿಕೊಳ್ಳುವವರಿಗೆ ಅಷ್ಟು ಬರುವುದಿಲ್ಲವೇ? ಕೆಮ್ಮು ಇದೆ, ದೊಡ್ಡದೇನಲ್ಲ. ಅದರ ವಿಷಯ ಇಲ್ಲಿಗೆ ಬಿಡು.

ನೀನು ಮುಚ್ಚಿಟ್ಟದ್ದಕ್ಕೆ ಕೋಪ ಬಂತು. ಮುಚ್ಚಿಟ್ಟ ಕಾರಣ ಓದಿದ ಮೇಲೆ ಕೋಪ ನಿಲ್ಲಲಿಲ್ಲ. ಆದರೂ ಎದುರಿಗೆ ಸಿಕ್ಕಾಗ ಕಿವಿ ಹಿಂಡುತ್ತೇನೆ.

ಭಾವ ಐಸ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡೇ ನಿನ್ನಲ್ಲಿಗೆ ಹೋದರಂತೆ. ಟಿಕೆಟ್ ನೋಡುವವರು "ಏನ್ರೀ ಅದು, ಮೀನಾ?" ಎಂದು ಕೇಳಿದ್ದಕ್ಕೆ "ಅಲ್ಲ ಸಾರ್, ಎಲೆ. ಹುಷಾರಿಲ್ಲ, ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತಿದೀನಿ" ಎಂದರಂತೆ. ಮುಂದಿನ ನಿಲ್ದಾಣದ ತನಕ ಅವರ ಪಕ್ಕ ಯಾರೂ ಕೂರಲಿಲ್ಲವಂತೆ. ಮನೆಗೆ ಬಂದು ಎರಡು ದಿನವಾದರೂ ಇದನ್ನೇ ಹೇಳುತ್ತಿದ್ದಾರೆ.

ನೀಲಿ ಗಂಜಿಯ ಆಟ ಕಲಿತೆ. ಮೊದಲ ದಿನ ಅಯೋಡಿನ್ ಜಾಸ್ತಿಯಾಗಿ ಡ್ರೈವರ್ ಅಂಗಿಯ ತೋಳು ನೀಲಿಯಾಯಿತು. ಎಲೆಯ ರಸ ಹಾಕಿ ತೆಗೆದೆ. ನೋಡು, ನಿನ್ನ ಓದಿನಿಂದ ನನ್ನ ಕಸುಬಿಗೂ ಒಂದು ಉಪಯೋಗವಾಯಿತು. ಎಲ್ಲರ ಮುಂದೆ ಇಸ್ತ್ರಿ ವಿಷಯ ಹೇಳುವುದನ್ನು ನೆನೆಸಿಕೊಂಡರೆ ಮಾತ್ರ ಮೈಯೆಲ್ಲ ಮುಳ್ಳಾಗುತ್ತದೆ. ಆದರೂ ಹೇಳುತ್ತೇನೆ.

ಅಕ್ಕ

ಸೆಪ್ಟೆಂಬರ್ 5

ಅಕ್ಕಾ,

ಬದುಕಿವೆ. ಮೂರೂ ಬದುಕಿವೆ. ಬರೀ ಬದುಕಿಲ್ಲ, ಸೊಂಟ ಕಟ್ಟಿ ನಿಂತಿವೆ.

ಎಲೆಯಲ್ಲಿ ಹಸಿರು, ಗುಡ್ಡದ ಮರಕ್ಕಿಂತ ಕಡಿಮೆಯಿದೆ, ರಸ ಹೆಚ್ಚು ಹುಳಿ. ಹೊಗೆಯ ಪೆಟ್ಟು ಬಿದ್ದಿದೆ, ಸುಳ್ಳಲ್ಲ. ಆದರೆ ವಿಟಮಿನ್ ಸಿ ಗುಡ್ಡದ ಎಲೆಯಲ್ಲಿರುವುದಕ್ಕಿಂತ ಒಂದೂವರೆ ಪಟ್ಟು. ಒಗರು ಎರಡು ಪಟ್ಟು. ಹುಳು ಮೂಸದಿರುವುದು ಆ ಒಗರಿನಿಂದ, ನಾನು ಬರೆದ ಹಾಗೆ ಬತ್ತಿದ್ದರಿಂದಲ್ಲ. ಸೋತ ಮರ ಇಷ್ಟು ಖರ್ಚು ಮಾಡಿ ಸೆಣಸುವುದಿಲ್ಲ.

ಮೊದಲಿನದು ತಪ್ಪು ಎಂದು ಬರೆದು, ಹೊಸ ವರದಿಯನ್ನು ಸೀಲು ಒತ್ತಿ ಕಚೇರಿಗೆ ಕಳಿಸಿದ್ದೇನೆ. ಎರಡು ಪುಟ. ನಿನಗೆ ಮೊದಲ ಪುಟದ ನಕಲು ಕಳಿಸಿದ್ದೇನೆ. ಎರಡನೆಯದು ಬರೀ ಅಂಕಿ, ನಿನಗೆ ಬೇಕಾಗುವುದಿಲ್ಲ.

ಧೈರ್ಯವಾಗಿ ಹೋಗಿ ಬಾ.

ತಮ್ಮ

ಸೆಪ್ಟೆಂಬರ್ 12

ತಮ್ಮಾ,

ನಿನ್ನೆಯದನ್ನೆಲ್ಲ ಇದ್ದ ಹಾಗೆ ಬರೆಯುತ್ತೇನೆ, ನಿಧಾನವಾಗಿ ಓದು.

ಕಚೇರಿಯ ಮಹಡಿಯಲ್ಲಿ ಉದ್ದದ ಮೇಜು. ಅದರ ತುದಿಯಲ್ಲಿ ಅಧಿಕಾರಿ ಮೇಡಂ, ಒಂದು ಕಡೆ ಎಂಜಿನಿಯರ್, ಇನ್ನೊಂದು ಕಡೆ ನಾನು. ನನ್ನ ಹಿಂದೆ ಡ್ರೈವರ್, ಟೀಚರಮ್ಮ, ವಕೀಲರು, ನಿನ್ನ ಭಾವ. ಮೇಡಂ ಎರಡೂ ವರದಿಗಳನ್ನು ಎದುರಿಗಿಟ್ಟುಕೊಂಡು ಕೇಳಿದರು. "ಆಗಸ್ಟಲ್ಲಿ ಸತ್ತಿದ್ದ ಮರ ಸೆಪ್ಟೆಂಬರಲ್ಲಿ ಹೇಗಮ್ಮ ಎದ್ದು ಕೂತಿತು?"

"ಸತ್ತಿರಲಿಲ್ಲ ಮೇಡಂ. ನಾನು ಎಲೆಗೆ ಇಸ್ತ್ರಿ ಹಾಕ್ಬಿಟ್ಟಿದ್ದೆ" ಎಂದೆ.

ಬರೆದುಕೊಳ್ಳುತ್ತಿದ್ದ ಗುಮಾಸ್ತರ ಪೆನ್ನು ನಿಂತಿತು. ಎಂಜಿನಿಯರ್ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು, ಭುಜ ಮಾತ್ರ ಕುಣಿಯುತ್ತಿತ್ತು. ನಗಲಿ ಎಂದುಕೊಂಡು ಚೀಲದಿಂದ ಎರಡು ಗಾಜಿನ ಲೋಟ, ಗಂಜಿನೀರು, ಅಯೋಡಿನ್ ತೆಗೆದು ಅವರ ಮೇಜಿನ ಮೇಲೆಯೇ ಇಟ್ಟೆ. ಎರಡು ಲೋಟವೂ ನೀಲಿಯಾದವು. ಬೆಳಿಗ್ಗೆ ಇಸ್ತ್ರಿ ಹಾಕಿದ ಎಲೆಯನ್ನು ನೀರಲ್ಲಿ ಅರೆದು ಒಂದಕ್ಕೆ ಹಾಕಿದೆ, ನೀಲಿ ನೀಲಿಯಾಗಿಯೇ ಉಳಿಯಿತು. ಅದೇ ಮರದ ಹಸಿ ಎಲೆಯ ರಸವನ್ನು ಇನ್ನೊಂದಕ್ಕೆ ಬಿಟ್ಟೆ. ನೋಡುತ್ತಿದ್ದ ಹಾಗೆ ನೀಲಿ ಹೋಗಿ ತಿಳಿಹಸಿರಾಯಿತು. ಮೇಡಂ ಎದ್ದು ಬಂದು ಲೋಟವನ್ನು ಎತ್ತಿ ನೋಡಿದರು. "ಇನ್ನೊಂದ್ಸಲ ಮಾಡಿ" ಎಂದರು. ಮಾಡಿದೆ. ಎಂಜಿನಿಯರ್ ನಗು ನಿಂತಿತು.

ಗೆದ್ದೆ ಎಂದುಕೊಂಡೆ. ಆಗ ಎಂಜಿನಿಯರ್ ನಿನ್ನ ಎರಡನೆಯ ಪುಟ ತೆಗೆದರು, ನನಗೆ ಬೇಕಾಗುವುದಿಲ್ಲ ಎಂದಿದ್ದೆಯಲ್ಲ, ಅದನ್ನು. "ಮೇಡಂ, ಬಸ್ಸುಗಳು ನಿಲ್ಲೋದು ಮೂರನೇ ಮರದ ಹತ್ರ. ಹೊಗೆ ಅಲ್ಲೇ ಜಾಸ್ತಿ ಇರ್ಬೇಕು. ಇಲ್ಲಿ ನೋಡಿದ್ರೆ ಹಸಿರು ಕಡಿಮೆ, ಹುಳಿ ಜಾಸ್ತಿ ಇರೋದು ಒಂದನೇ ಮರದಲ್ಲಿ. ಬಸ್ಸಿಂದ ದೂರ ಇರೋ ಮರ ಅದು. ಅಂದ್ಮೇಲೆ ಈ ಅಳತೇನೂ ನಂಬೋ ಹಾಗಿಲ್ಲ. ಇದನ್ನೂ ಬದಿಗಿಡಿ" ಎಂದರು.

ಮೇಡಂ ನನ್ನ ಕಡೆ ನೋಡಿದರು. "ಇದಕ್ಕೇನಂತೀರಿ?"

ನನಗೆ ಒಂದು ಕ್ಷಣದಲ್ಲಿ ಗೊತ್ತಾಯಿತು ತಮ್ಮಾ. ನಿನಗೂ ಗೊತ್ತಾಗಿರಬೇಕು, ಅದಕ್ಕೇ ಆ ಪುಟವನ್ನು ನನಗೆ ಕಳಿಸಲಿಲ್ಲ. ಒಂದನೆಯ ಮರದ ಬುಡದಲ್ಲಿ ಇಪ್ಪತ್ತೆರಡು ವರ್ಷದಿಂದ ಬೆಳಿಗ್ಗೆ ಬೆಳಿಗ್ಗೆ ಇದ್ದಿಲು ಹೊತ್ತಿಸಿ, ಹೊಗೆ ಆರುವ ತನಕ ಬೀಸಣಿಗೆ ಬೀಸುವವಳು ನಾನು. ಆ ಹೊಗೆ ನೇರ ಮೇಲಕ್ಕೆ ಹೋಗುತ್ತದೆ. ಮೇಲಿರುವುದು ಅದರ ಎಲೆ.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ನಿನ್ನ ಅಳತೆ ಸುಳ್ಳಾಗುತ್ತಿತ್ತು, ಮರವೂ ಹೋಗುತ್ತಿತ್ತು. ಎಲೆಗೆ ಇಸ್ತ್ರಿ ಹಾಕಿದೆ ಎಂದು ಹೇಳುವುದು ಇದರ ಮುಂದೆ ಏನೂ ಅಲ್ಲ ಎನಿಸಿತು. ಎದ್ದೆ, ಮಾತು ಶುರು ಮಾಡುವ ಮೊದಲೇ ಕೆಮ್ಮು ಹತ್ತಿಕೊಂಡಿತು. ಟೀಚರಮ್ಮ ನೀರು ಕೊಟ್ಟರು. ಕುಡಿದು ಹೇಳಿದೆ. "ಅಳತೆ ಸರಿಯಾಗಿದೆ ಮೇಡಂ. ಆ ಮರಕ್ಕೆ ಹೊಗೆ ಹಾಕೋದು ಬಸ್ಸಲ್ಲ, ನಾನು. ನನ್ನ ಇದ್ದಿಲಿನ ಹೊಗೆ ಅದು. ಬೇಕಿದ್ರೆ ನನ್ನ ಎದೇನೂ ಅಳೆದು ನೋಡಿ. ಕೆಂಡ ಬಿಡಿ ಅಂತ ಡಾಕ್ಟರು ಹೋದ ವರ್ಷಾನೇ ಹೇಳಿದ್ರು. ನಾನು ಮನೇಲಿ ಬಸ್ಸಿನ ಹೊಗೆ ಅಂತ ಹೇಳ್ಕೊಂಡು ಓಡಾಡ್ತಿದ್ದೆ."

ಹಿಂದೆ ನಿನ್ನ ಭಾವ "ಓಹೋ" ಎಂದದ್ದು ಎಲ್ಲರಿಗೂ ಕೇಳಿಸಿತು.

ಮೇಡಂ ಬಹಳ ಹೊತ್ತು ಏನನ್ನೋ ಬರೆದರು. ಆಮೇಲೆ ಎಂಜಿನಿಯರ್‌ಗೆ ಹೇಳಿದರು. "ಎಷ್ಟು ಸೂಕ್ಷ್ಮವಾಗಿ ಅಳೆದಿದ್ದಾರೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇನ್ರೀ? ಯಾರ ಹೊಗೆ ಅಂತ ಎಲೆ ಹೆಸರು ಹಿಡಿದು ಹೇಳಿದ ಹಾಗಿದೆ. ಮರ ಇರುತ್ತೆ. ರಸ್ತೆ ಬಳಸಿ ಹಾಕಿ." ಡ್ರೈವರ್ ಚಪ್ಪಾಳೆ ಹೊಡೆದರು, ಗುಮಾಸ್ತರು ಸುಮ್ಮನಿರಿ ಎಂದು ಗದರಿದರು. ನನಗೆ ಅಳು ಬಂತು, ಅತ್ತುಬಿಟ್ಟೆ. ಮೆಟ್ಟಿಲಿಳಿಯುವಾಗ ಎಂಜಿನಿಯರ್ ಹತ್ತಿರ ಬಂದು ನಾಳೆ ಎರಡು ಪ್ಯಾಂಟು ತರುತ್ತೇನೆ ಎಂದರು.

ಅಂಗಡಿಗೆ ವಾಪಸ್ ಬಂದಾಗ ಪೆಟ್ಟಿಗೆಯಲ್ಲಿ ಬೆಳಗಿನ ಕೆಂಡ ಇನ್ನೂ ಬೆಚ್ಚಗಿತ್ತು. ಬಟ್ಟೆಯ ಗಂಟುಗಳು ಕಾಯುತ್ತಿದ್ದವು. ಊದಿದ್ದರೆ ಹೊತ್ತಿಕೊಳ್ಳುತ್ತಿತ್ತು. ಮೇಲೆ ನೋಡಿದೆ. ಆ ಮರದ ಕೆಳಗೆ ಯಾವ ಮುಖ ಹೊತ್ತು ಕೆಂಡ ಊದಲಿ? ಕೆಂಡಕ್ಕೆ ನೀರು ಹುಯ್ದೆ. ವಿದ್ಯುತ್ ಪೆಟ್ಟಿಗೆಯಲ್ಲಿ ಭಾರವಿಲ್ಲ, ಸುಕ್ಕು ಸಾಯುವುದಿಲ್ಲ, ಅದು ಇಸ್ತ್ರಿಯೇ ಅಲ್ಲ ಎಂದು ಇಷ್ಟು ವರ್ಷ ವಾದ ಮಾಡಿದವಳು ನಾನು. ಈ ಬೆಳಿಗ್ಗೆ ನಿನ್ನ ಭಾವನ ಜೊತೆ ಹೋಗಿ ಒಂದನ್ನು ತಂದೆ. ಮೊದಲ ಅಂಗಿಗೆ ಎರಡು ಸಲ ಎಳೆಯಬೇಕಾಯಿತು. ನಾಲ್ಕನೆಯದಕ್ಕೆ ಕೈ ಹೊಂದಿಕೊಂಡಿತು. ಸುಕ್ಕು ಸಾಯುತ್ತದೆ, ಒಪ್ಪಿಕೊಂಡೆ.

ಮರ ಉಳಿಯಿತು, ನನ್ನ ಜಾಗವೂ ಉಳಿಯಿತು. ಸೋಮವಾರ ಡಾಕ್ಟರ ಹತ್ತಿರ ಹೋಗುತ್ತೇನೆ, ಅವರು ಹೇಳಿದ್ದನ್ನು ಒಂದು ಮಾತೂ ಬಿಡದೆ ನಿನಗೆ ಬರೆಯುತ್ತೇನೆ. ಮೂರು ತಿಂಗಳು ಕಳೆದ ಮೇಲೆ ಒಂದನೆಯ ಮರದಲ್ಲಿ ಹೊಸ ಎಲೆ ಬಂದಿರುತ್ತದೆ, ಆಗ ಬಂದು ನೀನೇ ಕಿತ್ತುಕೊಂಡು ಹೋಗು. ಅಳೆದಾಗ ಏನು ಬಂದರೂ ಸರಿ, ಎರಡೂ ಪುಟ ನನಗೆ ಕಳಿಸು.

ನಿನ್ನ ಅಕ್ಕ